ವೈಟ್‌ಫೀಲ್ಡಿನಿಂದ ನಾಗಸಂದ್ರಕ್ಕೆ, ಕೂಪೆಯಲ್ಲಿ ಕೊನೆಯ ಸಲ

ಮೇ ತಿಂಗಳ ಒಂದು ಶನಿವಾರ, ತಿಂಡಿ ಮುಗಿಸಿಕೊಂಡು ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟೆವು. ನಾಗಸಂದ್ರಕ್ಕೆ ಮೂವತ್ತು ಕಿಲೋಮೀಟರಿಗೂ ಮೇಲೆ. ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು ಶಿವಾನಂದ. ನಾಗಸಂದ್ರದಲ್ಲಿ ಸ್ಪ್ರಿಂಗ್ ತಯಾರಿಸುವ ಸಣ್ಣ ಫ್ಯಾಕ್ಟರಿ ನಡೆಸುವ ನಸ್ರೀನ್ ಎಂಬುವರು ನಮ್ಮ ಈ ಹಳೆಯ ಸ್ಪೋರ್ಟ್ಸ್ ಕೂಪೆ ಕಾರನ್ನು ಕೊಳ್ಳುವ ಮನಸ್ಸು ಮಾಡಿದ್ದರು. ಅವರಿಗೆ ಒಪ್ಪಿಗೆಯಾದರೆ ಕಾರನ್ನು ಅಲ್ಲೇ ಬಿಟ್ಟು ಬರುವುದೆಂದು ಮಾತಾಗಿತ್ತು.

ಹಿಂದಿನ ವರ್ಷ ಲಕ್ವಾ ಹೊಡೆದು ಇವರ ಬಲಗೈ, ಬಲಗಾಲು ಸೋತಿದ್ದವು. ಕಾಲು ತಕ್ಕಮಟ್ಟಿಗೆ ಸುಧಾರಿಸಿತು. ಮಾತು ಮಾತ್ರ ಪೂರ್ತಿ ಮರಳಲಿಲ್ಲ. ಚಮಚ ಕೇಳಲು ಹೋಗಿ ಛತ್ರಿ ಎನ್ನುತ್ತಿದ್ದರು. ತಡವರಿಸಿದರೆ ಎದುರಿಗಿದ್ದವರೇ ಮಾತು ಮುಗಿಸಿಬಿಡುತ್ತಿದ್ದರು. ಬೇಸತ್ತು, ಇವರು ಹೊರಗಿನವರ ಹತ್ತಿರ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು. ದಾವಣಗೆರೆಯಲ್ಲಿದ್ದಾಗ ಮದುವೆಮನೆಗಳನ್ನು ನಗಿಸುತ್ತಿದ್ದ ಮನುಷ್ಯ.

ಆ ಕಾರಿಗೆ ಎರಡೇ ಬಾಗಿಲು, ಒಂದೊಂದೂ ಬೀರುವಿನ ಬಾಗಿಲಷ್ಟು ಉದ್ದ. ಕೀಲು ಜೋತುಬಿದ್ದು, ಎತ್ತಿಹಿಡಿದು ಹಾಕಿದರೆ ಮಾತ್ರ ಮುಚ್ಚುತ್ತಿದ್ದವು. ಒಳಗಿನ ಮೇಲ್ಛಾವಣಿಯ ಬಟ್ಟೆ ಅಂಟು ಬಿಟ್ಟು ತಲೆಗೆ ತಾಗುತ್ತಿದ್ದುದರಿಂದ ನಾನೇ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದೆ. ಸೀಟು ಎಷ್ಟು ತಗ್ಗೆಂದರೆ, ಸಿಗ್ನಲ್ಲಿನಲ್ಲಿ ಬಸ್ಸಿನ ಚಕ್ರ ಮುಖಕ್ಕೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಆದರೂ ಹೂಡಿ ದಾಟಿ, ರಸ್ತೆ ಸ್ವಲ್ಪ ಬಿಡುವಾಗಿ ಮೂರನೇ ಗೇರಿಗೆ ಹಾಕಿದೆನೋ ಇಲ್ಲವೋ, ಇಂಜಿನ್ನಿನ ದನಿ ತುಂಬಿಕೊಂಡಿತು. ಇವರು ಕಣ್ಣು ಮುಚ್ಚಿ ಕೇಳುತ್ತ ಕೂತರು. ಸ್ಕೂಟರಿನಲ್ಲಿ ಬಂದ ಹುಡುಗಿಯೊಬ್ಬಳು ಕಾರಿನ ಕಡೆ ಹೆಬ್ಬೆರಳೆತ್ತಿ ತೋರಿಸಿ ಮುಂದೆ ಹೋದಳು.

ಹೆಬ್ಬಾಳದ ಹತ್ತಿರ ವಾಹನಗಳು ಕದಲದೆ ನಿಂತವು. ನಡುಸಾಲಿನಲ್ಲಿ ಸಿಕ್ಕಿಕೊಂಡಿದ್ದ ನಾನು ನೋಡುತ್ತಿದ್ದಂತೆಯೇ ಇಂಜಿನ್ನಿನ ಟೆಂಪರೇಚರ್ ಮುಳ್ಳು ಏರತೊಡಗಿತು.

“ಹೀ... ಹೀಟರ್ ಹಾಕು,” ಎಂದರು ಇವರು.

ಎ.ಸಿ. ಆರಿಸು ಅನ್ನಲು ಹೋಗಿ ಮಾತು ತಪ್ಪಿತು ಅಂದುಕೊಂಡು ಅದನ್ನು ಆರಿಸಿದೆ. ಇವರು ಅಲ್ಲವೆಂದು ತಲೆಯಾಡಿಸಿದರು. ಎಡಗೈಯನ್ನು ಮೈಗೆ ಅಡ್ಡಲಾಗಿ ಚಾಚಿ, ತಾವೇ ಹೀಟರಿನ ತಿರುಗಣೆಯನ್ನು ಕೆಂಪು ಗುರುತಿನ ಕೊನೆಯವರೆಗೆ ತಿರುಗಿಸಿದರು. ಕಾಲ ಮೇಲೆ ಬಿಸಿಗಾಳಿ ನುಗ್ಗಿತು. ಇವರ ಪಕ್ಕದ ಗಾಜು ಯಾವಾಗಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು.

“ಏನ್ರೀ ಇದು, ಈ ಬಿಸ್ಲಾಗೆ? ಬೆಂದು ಹೋಗ್ತೀವಿ!”

“ಇಂಜಿನ್ ಬಿಸಿ... ಈ ಕಡೆ... ಬರುತ್ತೆ. ನೋಡು.”

ಮುಳ್ಳು ಒಂದು ಕ್ಷಣ ನಿಂತು, ಮೆಲ್ಲಗೆ ಇಳಿಯಿತು. ಬೆವರಿನಲ್ಲಿ ತೊಯ್ದು ಕೂತಿದ್ದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಫ್ಲೈಓವರ್ ದಾಟಿದ ಮೇಲೆ ನೆರಳು ನೋಡಿ ನಿಲ್ಲಿಸಿ ಎಳನೀರು ಕುಡಿದೆವು. ಇಂಜಿನ್ ತಣ್ಣಗಾದ ಮೇಲೆ ನೀರು ಹಾಕಿ ಮತ್ತೆ ಹೊರಟೆವು.

ನಸ್ರೀನ್ ಗೇಟಿನಲ್ಲೇ ಕಾಯುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಮುಂಗೈ ಮೇಲೆ ಎಣ್ಣೆಯ ಕಲೆ. ಕಾರನ್ನು ಒಂದು ಸುತ್ತು ಹಾಕಿ ನೇರ ಇವರ ಎದುರು ಬಂದು ನಿಂತರು.

“ಒಳ್ಳೇದೆಲ್ಲ ಮೇಡಂ ಫೋನಲ್ಲಿ ಹೇಳಿದಾರೆ ಸಾರ್. ಇದರ ಕಿರಿಕ್ ಏನೇನು? ಅದನ್ನ ನೀವು ಹೇಳಿ.”

ಇವರು ತುಟಿ ಒದ್ದೆ ಮಾಡಿಕೊಂಡರು. “ಮಳೆ ಬಂದ್ರೆ... ಹಿಂದೆ ನೀರು... ಸೋರುತ್ತೆ. ರಿವರ್ಸ್... ಬೀಳಲ್ಲ. ಮೊದ್ಲು ಫಸ್ಟಿಗೆ ಹಾಕಿ... ಆಮೇಲೆ.” ಬಳಿಕ, “ದಿಂಬು... ದಿಂಬು ಬಂದಾಗ...” ಎಂದು ನಿಂತುಬಿಟ್ಟರು. ಅದಲ್ಲವೆಂದು ಅವರಿಗೇ ಗೊತ್ತಾಗಿತ್ತು. ಫ್ಯಾಕ್ಟರಿಯ ಒಳಗೆ ಯಂತ್ರವೊಂದು ಟಕ್ ಟಕ್ ಎನ್ನುತ್ತಿತ್ತು. ಹಂಪ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಸ್ರೀನ್ ನನ್ನತ್ತ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಕಾರಿಗೆ ಒರಗಿ, ಆರಾಮಾಗಿ ಇವರ ಮುಖವನ್ನೇ ನೋಡುತ್ತ ನಿಂತಿದ್ದರು.

“ಹಂಪ್!” ಎಂದರು ಇವರು ಕೊನೆಗೆ. “ಓರೆಯಾಗಿ ಹತ್ತಿಸ್ಬೇಕು. ಇಲ್ಲಾಂದ್ರೆ ಹೊಟ್ಟೆ ಉಜ್ಜುತ್ತೆ.”

“ಓರೆಯಾಗಿ. ಸರಿ ಸಾರ್,” ಎಂದು ನಸ್ರೀನ್ ಕೀ ತೆಗೆದುಕೊಂಡರು. “ಬನ್ನಿ, ಪಕ್ಕದಲ್ಲಿ ಕೂತು ಕಲಿಸಿ.”

ಇಬ್ಬರೂ ಹೋದರು. ಗೇಟಿನ ಬಳಿ ನನಗೆ ಯಾರೋ ಚಹಾ ತಂದುಕೊಟ್ಟರು. ಅವರು ಕಾರು ತಿರುಗಿಸಿಕೊಂಡು ಬಂದಾಗ ಇವರ ಎಡಗೈ ಕಿಟಕಿಯ ಅಂಚಿನ ಮೇಲಿತ್ತು. ಏನನ್ನೋ ವಿವರಿಸುತ್ತಲೇ ಇದ್ದರು.

“ನನಗೆ ಬೇಕು ಮೇಡಂ,” ಎಂದರು ನಸ್ರೀನ್ ಇಳಿಯುತ್ತ. ಇವರ ಕಡೆ ತಿರುಗಿ, “ತೊಂದರೆ ಕೊಟ್ರೆ ನಿಮಗೇ ಫೋನ್ ಮಾಡ್ತೀನಿ ಸಾರ್. ಪರವಾಗಿಲ್ವಾ?”

ಫೋನು ಬಂದರೆ ನನ್ನ ಕೈಗೆ ದಾಟಿಸುತ್ತಿದ್ದವರು ಇವರು. “ಮಾಡಮ್ಮಾ,” ಎಂದರು.

ಹೊರಡುವಾಗ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದರು, ಅಷ್ಟೇ. ಆಟೋದಲ್ಲಿ ನಾಗಸಂದ್ರ ಮೆಟ್ರೋ ನಿಲ್ದಾಣಕ್ಕೆ ಬಂದೆವು. ರೈಲಿನಲ್ಲಿ ಇವರ ಪಕ್ಕ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ ಕಟ್ಟಡ ಕೆಲಸದವನೊಬ್ಬ ಕೂತಿದ್ದ. ಕಿವಿಗೆ ಇಯರ್‌ಫೋನು. ನಾನು ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಶೀಟಿನ ಛಾವಣಿಗಳ ಸಾಲಿನಲ್ಲಿ ನಸ್ರೀನ್ ಅವರ ಫ್ಯಾಕ್ಟರಿ ಯಾವುದೆಂದು ಗೊತ್ತಾಗಲಿಲ್ಲ.

“ನಮ್ಮ... ಕಾರು... ಇವತ್ತು... ಕೊಟ್ವಿ,” ಎಂದು ಇವರು ಪಕ್ಕದವನಿಗೆ ಹೇಳುತ್ತಿದ್ದುದು ಕೇಳಿ ತಿರುಗಿದೆ.

ಆತ ಇಯರ್‌ಫೋನು ಎರಡನ್ನೂ ತೆಗೆದ. “ಹೌದೇನ್ರಿ ಯಜಮಾನ್ರ? ಯಾವ ಕಾರ್ರಿ?”

ಇವರು ಯೋಚಿಸಿದರು. ದಾಸರಹಳ್ಳಿ ಬಂದು ಹೋಯಿತು. ಆತ ಇನ್ನೂ ಇವರನ್ನೇ ನೋಡುತ್ತಿದ್ದ. ಕಾರಿನ ಹೆಸರು ನಾನೇ ಹೇಳಲೆಂದು ಬಾಯಿ ತೆರೆದವಳು, ಮುಚ್ಚಿಕೊಂಡು ಹೊರಗೆ ನೋಡುತ್ತ ಕೂತೆ.