ಒಸರು ನೀರು ಅಳೆಯುವವಳು

ಅಳತೆಯಕ್ಕನ ಮನೆಗೆ ಹಾಲು ಕಡ ಕೇಳಲು ಹೋದರೆ ಲೋಟವನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ಕೊಡುತ್ತಾಳೆ, ಹಿಂದಿರುಗಿಸುವಾಗಲೂ ಹಾಗೇ ನೋಡುತ್ತಾಳೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಗಲಿ ಬಿಡಿ, ಅವಳು ಉಣ್ಣುವ ಅನ್ನವೇ ಅಳತೆಯದು.

ಅಣೆಕಟ್ಟಿನ ಬುಡದಲ್ಲೇ ಅವರ ಓಣಿ. ಕಟ್ಟೆಯೊಳಗಿಂದ ಒಸರುವ ನೀರು ಸಣ್ಣ ಕಾಲುವೆಗಿಳಿದು, ಅಡ್ಡ ನಿಲ್ಲಿಸಿದ ತಗಡಿನ ಮೂರುಮೂಲೆ ಕಚ್ಚಿನಿಂದ ದುಮುಕುತ್ತಿತ್ತು. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತಿದೆ ಎಂದು ದಿನಾ ಅಳೆದು ಕಚೇರಿಗೆ ತಿಳಿಸಬೇಕು. ಮೊದಲು ಗಂಡ ಮಾಡುತ್ತಿದ್ದ ಕೆಲಸ. ಅವನು ತೀರಿಕೊಂಡ ಮೇಲೆ ಅವಳಿಗೆ ಬಂತು. ಕೆಲಸದ ಜೊತೆ ಅವನ ಮಾತೂ ಉಳಿಯಿತು: "ದುಮುಕೋ ಮುಂಚೆ ನೀರು ಬೆನ್ನು ಬಗ್ಗಿಸತ್ತೆ ಕಣೇ. ಅಂಚಲ್ಲಿ ಅಳೆದ್ರೆ ಕಡಿಮೆ ಸಿಗತ್ತೆ. ಹಿಂದೆ, ನೀರು ಸುಮ್ಮನಿರೋ ಕಡೆ ಅಳೀಬೇಕು."

ಆ ವರ್ಷ ಕಟ್ಟೆಯ ಹಿಂದಿನ ನೀರು ಏರದಿದ್ದರೂ ಒಸರು ಏರತೊಡಗಿತು. ಕಟ್ಟೆ ಒಳಗೊಳಗೇ ಕೊರೆದುಹೋಗುತ್ತಿರಬಹುದು, ಅಳತೆಪಟ್ಟಿಯಲ್ಲಿ ಇನ್ನೊಂದು ಗೆರೆ ಏರಿದರೆ ಓಣಿ ಖಾಲಿ ಮಾಡಿಸಬೇಕಾಗುತ್ತದೆ ಎಂದರು ಇಂಜಿನಿಯರು. ಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದ ಅತ್ತೆಯ ಕಿವಿಗೂ ಆ ಮಾತು ಬಿತ್ತು. ಮಗ ಕಣ್ಣು ಮುಚ್ಚಿದ ಕೋಣೆಯಲ್ಲೇ ತಾನೂ ಕಣ್ಣು ಮುಚ್ಚಬೇಕೆಂಬುದೊಂದೇ ಮುದುಕಿಯ ಆಸೆ.

"ಅಂಚಿಗೇ ಪಟ್ಟಿ ಹಿಡಿಯೇ ತಾಯಿ. ಕೂದಲೆಳೆಯಷ್ಟು ಕಡಿಮೆ ಬಂದ್ರೆ ಯಾರ ಗಂಟು ಹೋಗತ್ತೆ?"

"ಕಡಿಮೆ ಆಗೋದು ಅಳತೆ ಅತ್ತೆ, ನೀರಲ್ಲ."

"ಆಹಾ! ನನ್ ಮಗನ ವಿದ್ಯೆ ನನಗೇ ಹೇಳ್ಕೊಡು!"

ಮರುದಿನ ಅವಳು ನಿಜಕ್ಕೂ ಪಟ್ಟಿಯನ್ನು ಅಂಚಿಗೇ ಹಿಡಿದಳು. ಮನೆ ಉಳಿಯುವಷ್ಟು ಕಡಿಮೆ ಇತ್ತು. ಬೆನ್ನ ಹಿಂದೆ ಓಣಿಯ ಮಕ್ಕಳ ಗಲಾಟೆ. ಅತ್ತ ಒಮ್ಮೆ ತಿರುಗಿ ನೋಡಿ, ಪಟ್ಟಿ ಒರೆಸಿಕೊಂಡು ಹಿಂದೆ ಸರಿದಳು. ಮತ್ತೆ ಅಳೆದಳು. ಎರಡನೆಯದನ್ನೇ ಕಚೇರಿಗೆ ಹೇಳಿದಳು.

ಓಣಿ ಬಿಡಬೇಕೆಂದು ಆದೇಶ ಬಂತು. ಅಂದಿನಿಂದ ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು. ಬಾಯಾರಿದರೆ ಗೋಡೆಗೆ ಹೇಳುವಳು: "ಯಾರಾದ್ರೂ ನೀರು ಕೊಟ್ರೆ ಕುಡಿಯೋಣ. ಅಳೀದೆ ಕೊಟ್ರೆ."

ಸಾಮಾನೆಲ್ಲ ಲಾರಿ ಏರಿದ ಮೇಲೆ ಅಳತೆಯಕ್ಕ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡಳು. ಹೊಸಿಲ ಬಳಿ ಮುದುಕಿ ಅವಳ ಹೆಗಲು ಅದುಮಿ ನಿಲ್ಲಿಸಿ, ಬರಿದಾದ ಕೋಣೆಯತ್ತ ಕತ್ತು ತಿರುಗಿಸಿದಳು.

"ಹೋಗ್ತೀನಿ ಮಗಾ."

'ಹೋಗಿ ಬರ್ತೀನಿ' ಎನ್ನದೆ ಎಂದೂ ಹೊಸಿಲು ದಾಟಿದವಳಲ್ಲ ಅವಳು. ಸೊಸೆಯ ಕೊರಳು ಒದ್ದೆಯಾಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಹಾಗೇ ಹೊರಗೆ ಕಾಲಿಟ್ಟಳು.