ಸಾಹೇಬ್ರ ಮುಂದ ಮಲಗಿದ್ದು

ಹುಬ್ಬಳ್ಳಿ-ಧಾರವಾಡ ನಡುವಿನ ರೈಲ್ವೆ ಗೇಟ್ ಕಾಯೂವಾಗ ನಾ ಇಡೀ ರಾತ್ರಿ ಮಲಗಿದವನ ಅಲ್ಲ. ಒಂದು ಗಾಡಿ ಹೋತಂದ್ರ ಒಂದು ತುಂಡು ನಿದ್ದಿ, ಮುಂದಿನ ಗಾಡಿ ಹೋತಂದ್ರ ಮತ್ತೊಂದು ತುಂಡು, ಹಗಲೂ ರಾತ್ರೀನೂ ಹಿಂಗ. ಯಾರೂ ಎಬ್ಬಸೂದು ಬ್ಯಾಡ, ಗಾಡಿ ಬರೂ ಮೊದಲ ಕಣ್ಣು ತಾವ ತೆರೀತಿದ್ದವು. ನನ್ನ ಗೊರಕಿ ನಿಂತ್ರ ಬಾಜೂಕಿನ ಊರು ತಾರಿಹಾಳದ ಎತ್ತು ಸೈತ ಹಳಿ ದಾಟದ ನಿಲ್ತಿದ್ದವು, ಖರೇ ಹೇಳ್ತೇನಿ.

ಒಂದು ಮಧ್ಯಾಹ್ನ ತಪಾಸಣಿಗೆ ಬಂದ ಸಾಹೇಬ್ರು ನಾ ಮಲಗಿದ್ದು ನೋಡಿಬಿಟ್ರು. ಎದ್ದು ನನ್ನ ವಿದ್ಯಾ ಹೇಳಿದೆ.

"ಹಂಗಾದ್ರ ನನ್ನ ಮುಂದ ಮಲಗು. ವ್ಯಾಳ್ಯಾಕ್ಕ ಎದ್ರ ನೌಕರಿ ಇರತೈತಿ, ಇಲ್ಲಂದ್ರ ಮನಿಗೆ ನಡಿ" ಅಂದು ಸ್ಟೂಲಿನ ಮ್ಯಾಲೆ ಕುಂತ್ರು.

ಮಲಗಿದೆ, ನಿದ್ದಿ ಬರವಲ್ದು. ಎಚ್ಚರಿದ್ದಾಗ ನನಗ ಗಾಡಿ ವ್ಯಾಳ್ಯಾ ತಿಳಿಯಂಗಿಲ್ಲ, ಅದು ನನ್ನ ನಿದ್ದಿಗಷ್ಟ ಗೊತ್ತು. ಲಗೂ ಎದ್ರ ಕಳ್ಳನಿದ್ದಿ ಅಂತಾರ, ತಡಾ ಆದ್ರ ಕೆಲಸ ಹೋಗತೈತಿ, ಮನ್ಯಾಗ ಹೆಂಡ್ತಿ ಹಸಿ ಬಾಣಂತಿ. ಕಣ್ಣು ಮುಚ್ಚಿಕೊಂಡ ಬೆವರಾಕ ಹತ್ತಿದೆ.

ಅಷ್ಟರಾಗ ಗೊರಕಿ ಕೇಳಿಸ್ತು. ನಂದಲ್ಲ, ಸಾಹೇಬ್ರದು. ಅದನ್ನ ಕೇಳಿಕೋತ ನನಗೂ ಜೊಂಪು ಹತ್ತಿತು. ಕಣ್ಣು ತಾವ ತೆರದ್ವು, ಹೋಗಿ ಗೇಟ್ ಹಾಕಿದೆ, ಅದರ ಬೆನ್ನಿಗೇ ಗಾಡಿ ಬಂತು. ಗಾಡಿ ಸೀಟಿಗೆ ಸಾಹೇಬ್ರು ಹೌಹಾರಿ ಎದ್ರು.

"ಯಾವಾಗ ಎದ್ದಿಪಾ?"

"ನೀವ ನೋಡಕೋತ ಕುಂತಿದ್ರಲ್ರಿ ಸಾಹೇಬ್ರ, ನೀವ ಹೇಳ್ರಿ."

ಟೊಪ್ಪಿಗಿ ಸರಿ ಮಾಡಿಕೊಂಡು, "ಬರೋಬ್ಬರಿ ವ್ಯಾಳ್ಯಾಕ್ಕ ಎದ್ದಿ" ಅಂದ್ರು.

ಈಗ ನೌಕರಿ ಮುಗದೈತಿ, ಇಡೀ ರಾತ್ರಿ ನಂದ ಐತಿ, ನಿದ್ದಿ ಮಾತ್ರ ಇಲ್ಲ. ಯಾರರ ಸಾಹೇಬ್ರು ಹಂತ್ಯಾಕ ಕುಂತು ಗೊರಕಿ ಹೊಡದ್ರ ಬಂದೀತೇನೋ.