ನನ್ನ ರೊಟ್ಟಿಯ ದಿಕ್ಕಿಗೆ ತಿರುಗಿದ ಮುಂಗಾರು

ನಾನು ಈಗ ಗಾಳಿ ಓದುತ್ತಿದ್ದೇನೆ ಎಂದು ಹೇಳಿದರೆ ನಮ್ಮ ಸಿಂದಗಿಯ ಮಂದಿ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮರುಕದಿಂದ ನನ್ನ ಗಂಡನ ಮುಖ ನೋಡುತ್ತಾರೆ. ನಮ್ಮ ಕಡೆ ಗಾಳಿ ಓದುವ ವಸ್ತುವಲ್ಲ. ಅದು ಬಡಿಯುತ್ತದೆ, ಸೋಕುತ್ತದೆ, ಹೆಚ್ಚೆಂದರೆ ಅದಕ್ಕೊಂದು ತಾಯಿತ ಕಟ್ಟಿಸುತ್ತಾರೆ. ನಲವತ್ತು ದಾಟಿ ಎಷ್ಟೋ ವರ್ಷವಾದ, ಸೊಂಟ ನೋವಿನ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಹೆಂಗಸೊಬ್ಬಳು ವಾರದ ಕೊನೆಗೆ ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಹೋಗಿ ವಾಯುಗೋಳದ ಪರಿಚಲನೆ ಕಲಿಯುತ್ತಾಳೆ ಎಂದರೆ, ಅದಕ್ಕೂ ತಾಯಿತವೇ ಮದ್ದು ಎಂದು ಅವರಿಗೆ ಅನಿಸಿದರೆ ತಪ್ಪೇನಿಲ್ಲ. ನನಗೂ ಎಷ್ಟೋ ಸಲ ಹಾಗೇ ಅನಿಸಿದೆ.

ಯಾಕೆ ಸೇರಿದೆ ಎಂದು ಕೇಳುವವರಿಗೆ ನಾನು ಬಡ್ತಿಯ ಕಾರಣ ಕೊಡುತ್ತೇನೆ. ಭೂಗೋಳದಲ್ಲಿ ಎಂಎಸ್ಸಿ ಆದರೆ ಪಿಯು ಕಾಲೇಜಿಗೆ ಹೋಗಬಹುದು. ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣ ಪಾಠದ ಪುಸ್ತಕದ ಒಂದು ವಾಕ್ಯ. ಮುಂಗಾರು ಅರಬ್ಬಿ ಸಮುದ್ರದಿಂದ ಬರುತ್ತದೆ, ಘಟ್ಟಕ್ಕೆ ಬಡಿಯುತ್ತದೆ, ಕರಾವಳಿಯಲ್ಲಿ ಧಾರಾಳವಾಗಿ ಸುರಿಯುತ್ತದೆ ಎಂದು ಪುಟಗಟ್ಟಲೆ ಹೇಳಿ, ಕೊನೆಗೆ ಘಟ್ಟದ ಪೂರ್ವಕ್ಕೆ ಇರುವುದು ಮಳೆ ನೆರಳಿನ ಪ್ರದೇಶ ಎಂದು ಮುಗಿಸಿಬಿಡುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲವೂ ಆ ಒಂದು ವಾಕ್ಯದೊಳಗೆ ಇವೆ. ನಾವು ಹುಟ್ಟಿ, ಬಿತ್ತಿ, ಮದುವೆಯಾಗಿ, ಸಾಯುವುದೂ ಅದರೊಳಗೇ. ವರ್ಷವೂ ಆ ವಾಕ್ಯವನ್ನು ಮಕ್ಕಳಿಗೆ ಓದಿ ಹೇಳುವಾಗ ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತ ಹಾಗೆ ಅನಿಸುತ್ತಿತ್ತು. ನಮ್ಮ ಎಲೆಯ ತನಕ ಬರುವ ಹೊತ್ತಿಗೇ ಯಾಕೆ ಖಾಲಿಯಾಗುತ್ತದೆ, ಒಮ್ಮೆ ಅಡುಗೆಯ ಮನೆಗೇ ಹೋಗಿ ನೋಡಿಬಿಡೋಣ ಎಂದು ಹೊರಟೆ.

ಹೋದ ಮೇಲೆ ತಿಳಿದದ್ದು, ಜಗತ್ತಿನ ಗಾಳಿ ನನಗಿಂತ ದಣಿದಿದೆ. ಭೂಮಧ್ಯ ರೇಖೆಯ ಹತ್ತಿರ ಬಿಸಿಲು ಅತಿ, ಧ್ರುವಗಳ ಕಡೆ ಅತಿ ಕಡಿಮೆ. ಈ ಅನ್ಯಾಯವನ್ನು ಸರಿಮಾಡಲು ಬಿಸಿಯಾದ ಗಾಳಿ ಮೇಲೇಳುತ್ತದೆ, ಎತ್ತರದಲ್ಲಿ ದೂರ ಸಾಗುತ್ತದೆ, ದಾರಿಯಲ್ಲಿ ತಣ್ಣಗಾಗಿ ಮರುಭೂಮಿಗಳ ಮೇಲೆ ಇಳಿಯುತ್ತದೆ, ಅಲ್ಲಿಂದ ನೆಲ ಹಿಡಿದು ಹೊರಟ ಜಾಗಕ್ಕೇ ವಾಪಸು ಬರುತ್ತದೆ. ಬಂದ ಕೂಡಲೇ ಮತ್ತೆ ಬಿಸಿ, ಮತ್ತೆ ಮೇಲೆ. ಈ ಸುತ್ತಿಗೆ ಯಾರೋ ಪರದೇಶದವನ ಹೆಸರಿಟ್ಟು ಕೋಶ ಎನ್ನುತ್ತಾರೆ. ನನ್ನನ್ನು ಕೇಳಿದ್ದರೆ ಸಂಸಾರ ಎಂದು ಹೆಸರಿಡುತ್ತಿದ್ದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಸ್ಸು ಹತ್ತಿದರೆ ದೇವರ ಹಿಪ್ಪರಗಿ ಬರುವುದರೊಳಗೆ ನನಗೆ ನಿದ್ದೆ. ಕ್ಲಾಸಿನಲ್ಲೂ ಅರ್ಧ ನಿದ್ದೆ. ಸಂಜೆ ಅದೇ ರಸ್ತೆ, ಅದೇ ಅಡುಗೆ ಮನೆ. ಗಾಳಿಗಾದರೂ ನಡುವೆ ಮರುಭೂಮಿಯಲ್ಲಿ ಇಳಿದು ತುಸು ಸುಮ್ಮನಿರುವ ಯೋಗವಿದೆ.

ಹವಾಮಾನ ಶಾಸ್ತ್ರ ಹೇಳುವ ಮೇಡಂ ಬಸವನ ಬಾಗೇವಾಡಿಯ ಹುಡುಗಿ. ನಾನು ಆಕೆಗೆ ಮೇಡಂ ಅನ್ನುತ್ತೇನೆ, ಆಕೆ ನನಗೆ ಅಕ್ಕಾರ ಅನ್ನುತ್ತಾಳೆ, ಹೀಗೆ ಇಬ್ಬರ ಮರ್ಯಾದೆಯೂ ಉಳಿದಿದೆ. ಭೂಮಿ ತಿರುಗುವುದರಿಂದ ಗಾಳಿ ನೆಟ್ಟಗೆ ಹೋಗಲಾರದು. ಉತ್ತರ ಗೋಳಾರ್ಧದಲ್ಲಿ ಬಲಕ್ಕೆ ವಾಲುತ್ತದೆ, ದಕ್ಷಿಣದಲ್ಲಿ ಎಡಕ್ಕೆ. ಚಂಡಮಾರುತಗಳೂ ಎರಡು ಕಡೆ ಎರಡು ದಿಕ್ಕಿಗೆ ತಿರುಗುತ್ತವೆ. ಸಂಸಾರಸ್ಥರೇ ತುಂಬಿದ ನಮ್ಮ ಕ್ಲಾಸಿನಲ್ಲಿ ಇದು ಯಾರ ತಲೆಯಲ್ಲೂ ನಿಲ್ಲಲಿಲ್ಲ. ಆಗ ಮೇಡಂ ಒಂದು ಉಪಾಯ ಹೇಳಿದಳು.

“ನಿಮ್ಮ ಮನ್ಯಾಗ ಎಲ್ಲಾರೂ ಜ್ವಾಳದ ರೊಟ್ಟಿ ಬಡೀತಾರಿಲ್ಲೋ? ಬಡಿಯೂ ಮುಂದ ರೊಟ್ಟಿ ತಾನ ತಿರಗತೈತಿ ನೋಡ್ರಿ. ಅದು ಯಾವ ಕಡೆ ತಿರಗತೈತೋ, ನಮ್ಮ ಉತ್ತರ ಗೋಳಾರ್ಧದ ಚಂಡಮಾರುತ ಅದ ಕಡೆ ತಿರಗತೈತಿ. ಪರೀಕ್ಷಾದಾಗ ಮರತ್ರ ರೊಟ್ಟಿ ನೆನಸ್ಕೋರಿ, ಉಳದದ್ದೆಲ್ಲಾ ಹಿಂದ ಬರ್ತೈತಿ.”

ಇಂಥ ಉಪಾಯ ಬೇರೆ ಯಾವ ವಿಶ್ವವಿದ್ಯಾಲಯದಲ್ಲಿ ಸಿಕ್ಕೀತು? ಇಂಡಿಯಿಂದ, ಮುದ್ದೇಬಿಹಾಳದಿಂದ ಬರುವ ಗಂಡಸರು, ಹಿಟ್ಟಿನ ಡಬ್ಬಿ ಎಲ್ಲಿದೆ ಎಂದೂ ತಿಳಿಯದವರು, ಮನೆಗೆ ಹೋಗಿ ಒಲೆಯ ಮುಂದೆ ಕೂತು ಶ್ರದ್ಧೆಯಿಂದ ರೊಟ್ಟಿ ನೋಡಿ ಬಂದರು. ನನಗೆ ನೋಡುವ ಅಗತ್ಯವೇ ಇರಲಿಲ್ಲ. ನನ್ನಷ್ಟು ರೊಟ್ಟಿ ಬಡಿದವರು ಆ ಕ್ಲಾಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಪರೀಕ್ಷೆಯಲ್ಲಿ ಅವರೆಲ್ಲ ಪಾಸಾದರು. ನಾನೊಬ್ಬಳು ಫೇಲಾದೆ.

ಇನ್ನು ಒಂದೇ ಒಂದು ಅವಕಾಶ ಉಳಿದಿತ್ತು. ಅದೂ ತಪ್ಪಿದರೆ ಅವಧಿ ಮುಗಿದು, ಅಷ್ಟು ದಿನ ಬಸ್ಸಿನಲ್ಲಿ ಜೋಲಿ ಹೊಡೆದು ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ನನಗೆ ಮತ್ತೊಮ್ಮೆ ಓದುವ ತ್ರಾಣ ಇರಲಿಲ್ಲ. ಒಂದು ಸಂಜೆ ಚೀಲ ಇಳಿಸಿ ನನ್ನ ಗಂಡನಿಗೆ, “ಸಾಕಾತ್ರಿ, ಇನ್ನ ಬಿಡ್ತೇನಿ” ಎಂದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, “ಬಿಡ ಅತ್ಲಾಗ, ಮೈಯಾಗ ಆರಾಮ ಇದ್ರ ಸಾಕು” ಎಂದರು. ಒಳ್ಳೆಯ ಮಾತೇ. ಆದರೆ ನನಗೆ ಅಳು ಬಂತು. ಬಿಡುತ್ತೇನೆ ಎಂದು ಹೇಳುವುದೇ ಬಿಡಬೇಡ ಅನ್ನಿಸಿಕೊಳ್ಳಲಿಕ್ಕೆ ಎಂಬುದು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವರಿಗೆ ತಿಳಿಯಬಾರದೇ? ಅವರು ಅಷ್ಟು ಸಲೀಸಾಗಿ ಒಪ್ಪಿದ್ದರಿಂದ, ಇದು ಹೋದರೆ ಯಾರಿಗೂ ಏನೂ ಹೋಗುವುದಿಲ್ಲ, ನನ್ನೊಬ್ಬಳಿಗೇ ಹೋಗುತ್ತದೆ ಎಂದು ಸ್ಪಷ್ಟವಾಯಿತು.

ಆ ಶನಿವಾರ ಮೇಡಮ್ಮಿಗೆ ಹೇಳಿ ಬಿಟ್ಟುಬರೋಣ ಎಂದೇ ಹೋದೆ. ಆಕೆ ಸೀಮೆಸುಣ್ಣ ಕೈಗೆ ಕೊಟ್ಟು, “ಪರೀಕ್ಷಾದಾಗ ಏನ್ ಬರದಿದ್ರಿ, ಹಂಗ ಬೋರ್ಡಿನ ಮ್ಯಾಲ ತಗೀರಿ ಅಕ್ಕಾರ” ಎಂದಳು. ತೆಗೆದೆ. ಚಂಡಮಾರುತ ತಿರುಗಿಸಿದೆ, ಅದರ ಹಿಂದೆ ಉಳಿದ ಗಾಳಿಗಳ ಬಾಣ ಹಾಕಿದೆ, ಕೊನೆಗೆ ಮುಂಗಾರನ್ನು ಭೂಮಧ್ಯ ರೇಖೆ ದಾಟಿಸಿ ಎಡಕ್ಕೆ ವಾಲಿಸಿದೆ. ನನ್ನ ಮುಂಗಾರು ಅರಬ್ಬಿ ಸಮುದ್ರವನ್ನು ಬಿಟ್ಟು ಬಂಗಾಳ ಉಪಸಾಗರದಿಂದ ಹೊರಟು, ಆಂಧ್ರದ ಮೇಲೆ ಹಾದು, ನಮ್ಮ ನಾಲ್ಕೂ ತಾಲೂಕಿಗೆ ಭರ್ತಿ ಮಳೆ ಸುರಿಸಿ, ಘಟ್ಟವನ್ನು ಈಚೆಯಿಂದ ಹತ್ತಿತು. ಮಳೆ ನೆರಳು ಮಂಗಳೂರಿನ ಮೇಲೆ ಬಿತ್ತು.

ನೀವು ಕೇಳಬಹುದು, ಇಪ್ಪತ್ತು ವರ್ಷ ಮಕ್ಕಳಿಗೆ ನೈಋತ್ಯ ಮುಂಗಾರು ಎಂದು ಕಲಿಸಿದವಳಿಗೆ ಅನುಮಾನ ಬರಲಿಲ್ಲವೇ ಎಂದು. ಬಂತು. ಆದರೆ ದಣಿದವಳಿಗೆ ತನ್ನ ತಲೆಯ ಮೇಲೆ ನಂಬಿಕೆ ಕಡಿಮೆ. ವಿಶ್ವವಿದ್ಯಾಲಯ ಹೀಗೆ ಹೇಳಿದೆ ಅಂದಮೇಲೆ ನಾನು ಇಪ್ಪತ್ತು ವರ್ಷ ಹೇಳಿದ್ದೇ ತಪ್ಪಿರಬೇಕು ಎಂದುಕೊಂಡು ಮುಂದೆ ಬರೆದಿದ್ದೆ.

ಮೇಡಂ ಬೋರ್ಡನ್ನು ಬಹಳ ಹೊತ್ತು ನೋಡಿದಳು. “ರೊಟ್ಟಿ ನೆನಸ್ಕೋರಿ ಅಂದಿದ್ನೆಲ್ರಿ?”

“ನೆನಸ್ಕೊಂಡ ತಗದೇನ್ರಿ ಮೇಡಂ” ಎಂದು, ಹೀಗೆ ಎಂದು ತೋರಿಸಲು ಮೇಜಿನ ಮೇಲೆ ಬಡಿದೆ. ಎಡಗೈಯಿಂದ.

ನಾನು ಎಡಚಿ. ಬರವಣಿಗೆಯನ್ನು ಶಾಲೆಯ ಮಾಸ್ತರರು ಛಡಿ ತೋರಿಸಿ ಬಲಗೈಗೆ ದಾಟಿಸಿದ್ದರು, ಆದ್ದರಿಂದ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೊಟ್ಟಿ ಮಾತ್ರ ದಾಟಲಿಲ್ಲ. ಮದುವೆಯಾದ ಹೊಸದರಲ್ಲಿ ಕನ್ನೊಳ್ಳಿಯ ನಮ್ಮ ಅತ್ತೆ ಪ್ರಯತ್ನ ಮಾಡಿದ್ದರು. ರೊಟ್ಟಿ ಹರಿಯಿತು, ಹಿಟ್ಟು ಕೆಟ್ಟಿತು, ನನ್ನ ಕಣ್ಣಲ್ಲಿ ನೀರು ಬಂತು. ದೇವರ ಎಡೆಗೆ ಮಾತ್ರ ತಾವು ಬಡಿಯುವುದು, ಮನುಷ್ಯರಿಗೆ ನಾನು ಬಡಿಯುವುದು ಎಂಬ ಕರಾರಿನ ಮೇಲೆ ನಾವಿಬ್ಬರೂ ರಾಜಿಯಾದೆವು. ಎಡಗೈಯಿಂದ ಬಡಿದರೆ ರೊಟ್ಟಿ ಉಲ್ಟಾ ತಿರುಗುತ್ತದೆ ಎಂದು ಮೇಡಮ್ಮೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನನ್ನ ಪಾಲಿಗೆ ಅದೇ ಸುಲ್ಟಾ, ಅದೇ ಸರಿಯಾದ ದಿಕ್ಕು ತಾನೇ?

“ಅಯ್ಯ ಅಕ್ಕಾರ, ನಾ ಕೇಳಲೇ ಇಲ್ಲ ನೋಡ್ರಿ” ಎಂದು ಮೇಡಂ ನಾಲಿಗೆ ಕಚ್ಚಿಕೊಂಡಳು. “ಒಂದೂ ಬಾಣ ತಪ್ಪಿಲ್ರಿ. ಗೋಳಾರ್ಧ ಅಷ್ಟ ತಪ್ಪೈತಿ.”

ಕ್ಲಾಸು ನಕ್ಕಿತು, ನಾನೂ ನಕ್ಕೆ. ಬಸ್ಸಿನಲ್ಲಿ ಬರುತ್ತ ನಗು ಇಳಿಯಿತು, ಆದರೆ ಅಂದು ನಿದ್ದೆ ಬರಲಿಲ್ಲ. ನನಗೆ ತಲೆ ಇಲ್ಲ ಎಂದು ತಿಂಗಳಾನುಗಟ್ಟಲೆ ನಂಬಿಕೊಂಡಿದ್ದೆನಲ್ಲ, ಅದು ಸುಳ್ಳು ಎಂದು ತಿಳಿದಾಗ ಸಂತೋಷಕ್ಕಿಂತ ಸುಸ್ತೇ ಹೆಚ್ಚಾಯಿತು.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ನಗೆಚಾಟಿಕೆಯ ಹಾಗೆ ಹೇಳಿದೆ. ಅವರು ನಾನು ಬಡಿದು ಹಂಚಿಗೆ ಹಾಕಿದ ರೊಟ್ಟಿ ಮಗುಚುತ್ತ ಕೇಳಿದರು. ನಗಲಿಲ್ಲ.

“ನಿನ್ನ ಲೆಕ್ಕದಾಗ ನಮ್ಮೂರಿಗೆ ಮಳಿ ಬರ್ತಿತ್ತೇನು?”

“ಭರ್ತಿ ಬರ್ತಿತ್ರಿ ಅತ್ತಿ.”

“ಮತ್ತ ಅದನ್ಯಾಕ ತಪ್ಪಂದ್ರು?”

ಈ ಪ್ರಶ್ನೆಗೆ ಹವಾಮಾನ ಶಾಸ್ತ್ರದಲ್ಲಿ ಉತ್ತರವಿಲ್ಲ. ನಾನು ಮುಂದಿನ ರೊಟ್ಟಿಯ ಹಿಟ್ಟಿಗೆ ಕೈ ಹಾಕಿದೆ. ಅವರೇ, ತವೆಯ ಕಡೆ ನೋಡುತ್ತ, “ಪರೀಕ್ಷಾ ಆಗೂಮಟ ರೊಟ್ಟಿ ನಾ ಬಡೀತೇನಿ. ನೀ ಕುಂತು ಓದು. ಒಂದ ಹೆಣ್ಮಗಳು ಎಷ್ಟಂತ ಕೈ ಬದಲಿ ಮಾಡ್ಕೋಬೇಕು” ಎಂದರು. ಅಲ್ಲಿಯ ತನಕ ನಾನು ಮತ್ತೆ ಪರೀಕ್ಷೆಗೆ ಕೂಡುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿಕೊಂಡಿರಲಿಲ್ಲ.

ಕೂತೆ. ಈ ಸಲ ರೊಟ್ಟಿಯನ್ನು ಮನಸ್ಸಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಪುಸ್ತಕ ಹೇಳಿದ ಹಾಗೆ ಗಾಳಿಯನ್ನು ಬಲಕ್ಕೆ ವಾಲಿಸಿದೆ, ಮುಂಗಾರನ್ನು ನೈಋತ್ಯದಿಂದ ಕರೆತಂದೆ, ಘಟ್ಟ ಹತ್ತಿಸಿದೆ, ಕರಾವಳಿಯಲ್ಲಿ ಧಾರಾಳವಾಗಿ ಸುರಿಸಿದೆ, ಬರಿಗೈಯಲ್ಲಿ ನಮ್ಮ ಕಡೆ ಕಳಿಸಿದೆ. ಕೊನೆಯಲ್ಲಿ ಮಳೆ ನೆರಳಿನ ಪ್ರದೇಶ ಎಂದು ಬರೆದು ಕೆಳಗೆ ಗೆರೆ ಎಳೆಯುವಾಗ ಮಾತ್ರ ಪೆನ್ನು ತುಸು ತಡೆಯಿತು. ಪಾಸಾದೆ. ನಮ್ಮೂರಿನ ಮಳೆಯನ್ನು ನನ್ನ ಕೈಯಾರೆ ತಪ್ಪಿಸಿ, ಒಳ್ಳೆಯ ಅಂಕ ತೆಗೆದುಕೊಂಡು ಪಾಸಾದೆ.

ಅತ್ತೆಗೆ ಹೇಳಿದಾಗ ಮೊದಲು ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ, “ಈ ಸಲ ಮಳಿ ಎಲ್ಲಿ ಸುರಿಸಿದಿ?” ಎಂದು ಕೇಳಿದರು.

“ಕರಾವಳಿಗೇ ಕೊಟ್ಟೇನ್ರಿ ಅತ್ತಿ. ಇಲ್ಲಂದ್ರ ಪಾಸ್ ಮಾಡತಿರಲಿಲ್ಲ.”

“ಇರ್ಲಿ ಬಿಡು” ಎಂದರು, ಸಕ್ಕರೆಯ ಡಬ್ಬಿ ಮುಚ್ಚುತ್ತ. “ನಮಗ ಹಿಂಗಾರಿ ಐತೆಲ್ಲ.”

ಹಿಂಗಾರು ಮಳೆ ನಮಗೆ ಮೂಡಲಿನಿಂದ ಬರುತ್ತದೆ, ನನ್ನ ಫೇಲಾದ ಮುಂಗಾರಿನ ಹಾಗೇ ಬಂಗಾಳ ಉಪಸಾಗರದಿಂದ ಹೊರಟು ಆಂಧ್ರದ ಮೇಲೆ ಹಾದು. ಬಿಳಿಜೋಳ ಬೆಳೆಯುವುದು ಅದನ್ನೇ ನಂಬಿ. ಆದರೆ ಅದರ ಬಗ್ಗೆ ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.